ಎರಡನೆಯ ಮುಖ

ಪರೀಕ್ಷೆಗೆ ಇನ್ನು ಇಪ್ಪತ್ತು ನಿಮಿಷವಿದೆ ಎನ್ನುವಾಗ ಸೌಮ್ಯಶ್ರೀಗೆ ತಾನು ತಲೆ ಬಾಚಿಲ್ಲವೆಂದು ನೆನಪಾಯಿತು. ಬಾಚಣಿಗೆಯಲ್ಲಿ ಗಂಡ ಅಕ್ಷಿತ್‌ನ ಗಿಡ್ಡ ಕೂದಲು ಸಿಕ್ಕಿಕೊಂಡಿತ್ತು. ಅದನ್ನು ಹಾಗೆಯೇ ಇಟ್ಟು ಕೈಯಲ್ಲೇ ತಲೆ ನೀವಿಕೊಂಡಳು.

ಗಲ್ಫಿನ ಈ ನಾಡಿನಲ್ಲೇ, ಸೊಹಾರ್‌ನ ಸ್ಮಶಾನದಲ್ಲಿ, ಅವನ ದಹನವಾಗಿ ಐದು ದಿನ. ಬಂದಿದ್ದ ನೆಂಟರೆಲ್ಲ ನಿನ್ನೆ ಹೊರಟುಹೋಗಿದ್ದರು. ದಾರ್ಸೈಟ್‌ನ ಫ್ಲ್ಯಾಟಿನ ಕೆಳಗೆ ಸ್ಕೂಲ್ ಬಸ್ಸು ಎಂದಿನಂತೆ ಹಾರ್ನ್ ಹೊಡೆಯಿತು. ಮೇಲಿನ ಮನೆಯಲ್ಲಿ ಮಿಕ್ಸಿ ತಿರುಗಿತು. ಇವೆಲ್ಲ ಇನ್ನೂ ನಡೆಯುತ್ತಿವೆ ಎಂಬುದೇ ಅವಳಿಗೆ ನಂಬಲಾಗಲಿಲ್ಲ.

ಸೀಬ್‌ನಿಂದ ಅಕ್ಷಿತ್‌ನ ಅಣ್ಣ ವಿಶಾಲ್ ಫೋನ್ ಮಾಡಿದ. "ಇವತ್ತೇ ಪರೀಕ್ಷೆಯಾ? ಅವನ ಉತ್ತರಕ್ರಿಯೆ, ಬೊಜ್ಜ ಸಹ ಆಗ್ಲಿಲ್ಲ ಮಾರಾಯ್ತಿ!"

"ಮುಂದೆ ಹಾಕಿದ್ರೆ ಮೂರು ತಿಂಗಳು, ಭಾವ. ಅಷ್ಟರಲ್ಲಿ ನನ್ನ ವೀಸಾ ಖಲಾಸ್."

ಅವಳ ವೀಸಾ ಇದ್ದದ್ದು ಗಂಡನ ಹೆಸರಿನ ಮೇಲೆ. ವಕೀಲರ ಸಹಾಯಕಿಯಾಗಲು ಬೇಕಾದ ಪ್ಯಾರಾಲೀಗಲ್ ಡಿಗ್ರಿ ಮುಗಿದ ದಿನವೇ ಕೆಲಸ, ಹೊಸ ವೀಸಾ ಎರಡೂ ಕೊಡುತ್ತೇವೆಂದು ರೂವಿಯ ವಕೀಲರೊಬ್ಬರ ಆಫೀಸಿನವರು ಹೇಳಿದ್ದರು. ಎರಡು ವರ್ಷದ ಆನ್‌ಲೈನ್ ಓದಿನಲ್ಲಿ ಉಳಿದದ್ದು ಇದೊಂದೇ ಪೇಪರ್.

ಲ್ಯಾಪ್‌ಟಾಪಿನ ಕ್ಯಾಮೆರಾ ಕೆಟ್ಟಿದ್ದರಿಂದ ಅಕ್ಷಿತ್ ಕೆಳಗಿನ ಮನೆಯ ಝೊಹರಾಳಿಂದ ಒಂದನ್ನು ಕೇಳಿ ತಂದಿದ್ದ. ಸೌಮ್ಯಶ್ರೀಯ ಮುಖದ ಎತ್ತರ ನೋಡಿ ಅದನ್ನು ಲ್ಯಾಪ್‌ಟಾಪಿಗೆ ಟೇಪು ಹಚ್ಚಿ ನಿಲ್ಲಿಸಿದ್ದ. ಆಮೇಲೆ ತಾನೇ ಮೇಲ್ವಿಚಾರಕನಾಗಿ ರಿಹರ್ಸಲ್: "ಮೇಡಂ, ಮಂಚದ ಅಡಿ ತೋರಿಸಿ. ಅಲ್ಲಿ ವಕೀಲರು ಯಾರಾದ್ರೂ ಅಡಗಿ ಕೂತಿದ್ದಾರಾ?"

"ಮಂಚದ ಅಡಿ ತೋರಿಸಿ," ಎಂದಿತು ಈಗ ಲ್ಯಾಪ್‌ಟಾಪಿನಿಂದ ಎಲ್ಲಿಯದೋ ಮೇಲ್ವಿಚಾರಕಿಯ ದನಿ, ಇಂಗ್ಲಿಷಿನಲ್ಲಿ.

ಸೌಮ್ಯಶ್ರೀ ಲ್ಯಾಪ್‌ಟಾಪ್ ಬಗ್ಗಿಸಿ ತೋರಿಸಿದಳು. ಅವನ ಚಪ್ಪಲಿ ಕಂಡಿತು. ಮತ್ತೆ ಬಂದು ಕೂತಳು.

"ಪರೀಕ್ಷೆ ತೆರೆಯಲಾಗುತ್ತಿಲ್ಲ. ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ."

"ಇಲ್ಲ."

"ಎರಡು ಮುಖ ಕಾಣಿಸುತ್ತಿವೆ. ನಿಮ್ಮ ಹಿಂದೆ ಇರುವವರನ್ನು ಹೊರಗೆ ಕಳಿಸಿ."

ತಿರುಗಲು ಧೈರ್ಯ ಬರಲಿಲ್ಲ. ತೆರೆಯಲ್ಲೇ ನೋಡಿದಳು. ಅವಳ ಮುಖದ ಸುತ್ತ ಒಂದು ಹಸಿರು ಚೌಕ. ಭುಜದ ಮೇಲೆ, ದೀಪದ ಬೆಳಕಿನಲ್ಲಿ, ನಗುತ್ತಿದ್ದ ಅಕ್ಷಿತ್‌ನ ಸುತ್ತ ಇನ್ನೊಂದು.

"ಅದು ಫೋಟೊ," ಎಂದಳು. "ನನ್ನ ಗಂಡ."

"ಕ್ಷಮಿಸಿ. ಆದರೂ ತೆಗೆಯಬೇಕು."

ಬೊಜ್ಜದ ತನಕ ಆ ದೀಪ ಆರಬಾರದೆಂದು ಅತ್ತೆ ಹೇಳಿದ್ದರು. ಮೊದಲು ಅದನ್ನು ಅಂಗೈ ಅಡ್ಡ ಹಿಡಿದು ಅಡುಗೆಮನೆಗೆ ಒಯ್ದಳು. ಆಮೇಲೆ ಹಾರದ ಸಮೇತ ಅವನನ್ನು.

"ಈಗ ನೀವೊಬ್ಬರೇ ಇದ್ದೀರಾ?"

"ಹೌದು."

ಎರಡು ಗಂಟೆ ಕಳೆದ ಮೇಲೆ ತೆರೆಯಲ್ಲಿ 'ಪಾಸ್' ಎಂದು ಬಂತು. ಹೆಸರು ತನ್ನದೇ ತಾನೇ ಎಂದು ಎರಡು ಸಲ ಓದಿದಳು. ಅಡುಗೆಮನೆಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದಳು. ಕ್ಯಾಮೆರಾ ಬಿಚ್ಚಿಕೊಂಡು ಮೆಟ್ಟಿಲಿಳಿದಳು.

"ಯಾ ಅಲ್ಲಾ, ಇದಕ್ಕೆ ಈಗಲೇ ಬರ್ಬೇಕಿತ್ತಾ ನೀನು?" ಝೊಹರಾ ಬಾಗಿಲು ಪೂರ್ತಿ ತೆರೆದಳು. "ಒಳಗೆ ಬಾ."

"ಸೂತಕ, ಝೊಹರಾಕ್ಕ. ಇಲ್ಲೇ ನಿಲ್ತೇನೆ."

"ನಮ್ಮ ಮನೆಗೆ ಎಂಥ ಸೂತಕ ಮಾರಾಯ್ತಿ? ಪರೀಕ್ಷೆ ಎಂತಾಯ್ತು?"

"ಪಾಸ್. ಮುಗಿದ ಕೂಡ್ಲೆ ವಾಪಸ್ ಕೊಡ್ತೇನೆ ಅಂತ ಇವ್ರು ಹೇಳಿದ್ರಲ್ಲ."

ಝೊಹರಾ ಕೈಚಾಚಿ ಕ್ಯಾಮೆರಾ ತೆಗೆದುಕೊಂಡಳು. ಟೇಪು ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು. ವೈರಿನ ಇನ್ನೊಂದು ತುದಿ ಹೊಸ್ತಿಲಿನ ಈಚೆ, ಸೌಮ್ಯಶ್ರೀಯ ಮುಷ್ಟಿಯಲ್ಲಿತ್ತು. ಝೊಹರಾ ಎಳೆಯಲಿಲ್ಲ. ಹಾಗೆಯೇ ಹಿಡಿದುಕೊಂಡು ನಿಂತಳು.