ಮೂರು ನಾಯಿಗಳ ಜಾಗ

ಹೊಯ್ ಆನ್ ಊರಿನಲ್ಲಿ ದರ್ಜಿಗಳು ಎಷ್ಟಿದ್ದಾರೆಂದರೆ, ಬೀದಿಯಲ್ಲಿ ನಿಂತು ಕೈ ಚಾಚಿ ಆಕಳಿಸಿದರೆ ಸಾಕು, ಆರು ಜನ ಓಡಿ ಬಂದು ತೋಳಿನ ಅಳತೆ ತೆಗೆದುಬಿಡುತ್ತಾರೆ. ಅವರೆಲ್ಲರ ಕತ್ತರಿಗಳನ್ನು ಒಟ್ಟು ಕರಗಿಸಿದರೂ ತೋವಾನನ ಒಂದು ಕತ್ತರಿಗೆ ಸಮವಾಗುತ್ತಿರಲಿಲ್ಲ. ಅವನು ಕತ್ತರಿಸಿದ ಆವೊ ಯಾಯ್ ನಿಲುವಂಗಿ ತೊಟ್ಟು ಕುಂಟಿಯೊಬ್ಬಳು ಸೇತುವೆ ದಾಟಿದಾಗ, ನದಿಯ ಮೀನೆಲ್ಲ ತಲೆ ಎತ್ತಿ ನೋಡಿದ್ದವು.

ಅಂಥವನು ಮಳೆಗಾಲಕ್ಕೆ ಮೊದಲೇ ಸತ್ತ. ಅವನ ತಾಯಿ ಅತ್ತ ಅಬ್ಬರಕ್ಕೆ ಬೀದಿಯ ಕಾಗದದ ಲಾಂದ್ರಗಳೆಲ್ಲ ಆರಿಹೋದವು. ಹೆಂಡತಿ ನ್ಯಾನ್ ಮಾತ್ರ ಅಳಲಿಲ್ಲ. ಗುಂಡಿ ಹೊಲಿದಳು, ನೆಲ ಒರೆಸಿದಳು. ಕಾಫಿ ಸುರಿದುಕೊಂಡು ಕೈ ಸುಟ್ಟಾಗ, ಯಾರದೋ ಕೈ ನೋಡುವಂತೆ ನೋಡಿದಳು.

ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಅಂಗಡಿಗೆ ಜಾರಿದರು. ಉಳಿದವಳು ಕ್ವೆನ್ ಎಂಬ ಮದುವಣಗಿತ್ತಿ ಒಬ್ಬಳೇ. ಇವಳೂ ಹೋದರೆ ಅಂಗಡಿಯ ಬಾಗಿಲು ಎಳೆದುಬಿಡುವುದೆಂದು ನ್ಯಾನ್ ತೀರ್ಮಾನಿಸಿದ್ದಳು.

ಕೆಂಪು ರೇಷ್ಮೆ ಮೇಜಿನ ಮೇಲೆ ಹಾಸಿತ್ತು. ತೋವಾನನ ಕತ್ತರಿಯನ್ನು ಮುಟ್ಟುವವರಿಲ್ಲ. ಬಟ್ಟೆಯನ್ನು ಯಂತ್ರವೇ ಕತ್ತರಿಸಬೇಕು, ಯಂತ್ರಕ್ಕೆ ಕಂಪ್ಯೂಟರ್ ಹೇಳಬೇಕು. ಕಂಪ್ಯೂಟರ್ ಮಾತ್ರ ಡಿಸ್ಕ್ ತುಂಬಿದೆ, ಜಾಗವಿಲ್ಲ ಎಂದು ಬಾಯಿ ಮುಚ್ಚಿ ಕೂತಿತ್ತು.

"ಅಕ್ಕಾ, ನಾಳೆ ಬೆಳಿಗ್ಗೆ ಗಂಡಿನ ಕಡೆಯೋರು ಅಡಿಕೆ ತಟ್ಟೆ ಹೊತ್ಕೊಂಡು ಬರ್ತಾರೆ. ನಾನೇನು ಈ ರೇಷ್ಮೆ ತಾನು ಸುತ್ಕೊಂಡು ನಿಂತ್ಕೊಳ್ಲಾ?" ಎಂದಳು ಕ್ವೆನ್.

"ಕತ್ತರಿಸಿ ಕೊಟ್ರೆ ಸಂಜೆಯೊಳಗೆ ನಾನು ಹೊಲಿದು ಕೊಡ್ತೀನಿ. ಕೂತ್ಕೊಳ್ಳೇ ಸುಮ್ನೆ," ಎಂದು ನ್ಯಾನ್‌ಳ ಅತ್ತೆ ಗದರಿದಳು. ಅತ್ತೆಯ ಹೊಲಿಗೆ ಎಷ್ಟು ವೇಗವೆಂದರೆ ಸೂಜಿಗೇ ಉಸಿರು ಕಟ್ಟುತ್ತಿತ್ತು.

ಜಾಗ ತಿಂದಿದ್ದವರು ಯಾರೆಂದು ನ್ಯಾನ್‌ಗೆ ಗೊತ್ತಿತ್ತು. ಹಳೆಯ ಕಸೂತಿ ತಂತ್ರಾಂಶಗಳು ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲವೆಂದು ತೋವಾನ್ ಅದರ ಹೊಟ್ಟೆಯೊಳಗೇ ಮೂರು ಹಳೆಯ ಕಂಪ್ಯೂಟರುಗಳನ್ನು ಕಟ್ಟಿದ್ದ. ಕೈಗೆ ಸಿಗದ, ಪರದೆಯ ಮೇಲಷ್ಟೇ ಬದುಕುವ ಯಂತ್ರಗಳು. ಅವಕ್ಕೆ ನಾಯಿಗಳ ಹೆಸರು: ಮುಕ್, ವೆನ್, ದೋಮ್. ಕರಿಯ, ಪಟ್ಟೆಯ, ಚುಕ್ಕೆಯ ಎಂದ ಹಾಗೆ. ಕೆಲಸ ಮುಗಿದ ಪ್ರತಿ ಸಂಜೆಯೂ ಅವನು ಒಂದೊಂದರ ಆ ದಿನದ ಸ್ಥಿತಿಯನ್ನು ಹಾಗೇ ತೆಗೆದಿಡುತ್ತಿದ್ದ. ಬೇಕೆಂದಾಗ ಆ ಸಂಜೆಗೇ ವಾಪಸು ಹೋಗಬಹುದಿತ್ತು. ಹಾಗೆ ಉಬ್ಬಿದ ನಾಯಿಗಳು ಆನೆಗಳಾಗಿದ್ದವು.

ಬೆಳಿಗ್ಗೆಯೇ ನ್ಯಾನ್ ಮೂರನ್ನೂ ಅಳಿಸಿದ್ದಳು. ಅವುಗಳ ಹೆಸರಿದ್ದ ಪಟ್ಟಿ ಖಾಲಿಯಾಯಿತು. ಡಿಸ್ಕ್ ಮಾತ್ರ ಹಾಗೇ ತುಂಬಿತ್ತು.

"ನಾಯಿಗಳು ಹೋದ್ವು ಅತ್ತೆ. ಜಾಗ ಬರ್ಲಿಲ್ಲ."

ಅತ್ತೆಯ ಮುಖ ಸಣ್ಣದಾಯಿತು. "ತಪ್ಪು ನಂದೇ ಕಣೇ. ನಲವತ್ತೊಂಬತ್ತನೇ ದಿನದ ತಿಥಿಗೆ, ಸತ್ತೋರ ಲೋಕದಲ್ಲಿ ಅವನ ಕೈ ಸೇರ್ಲಿ ಅಂತ ಕಾಗದದ ಕಂಪ್ಯೂಟರ್ ಸುಟ್ಟೆನಲ್ಲ, ಅದರ ಮೇಲೆ ಹೆಸರು ಬರೀಲೇ ಇಲ್ಲ! ಅಲ್ಲಿ ಯಾವನೋ ಕಂಡೋನು ಎತ್ಕೊಂಡು ಹೋಗಿರ್ತಾನೆ. ನನ್ನ ಮಗನಿಗೆ ಅಲ್ಲಿ ಸಿಗ್ಲಿಲ್ಲ, ಅದಕ್ಕೇ ಇಲ್ಲೀದನ್ನ ಅವನು ಬಿಡ್ತಿಲ್ಲ."

"ಸತ್ತೋರೂ ಜಾಗಕ್ಕೆ ಜಗಳ ಆಡ್ತಾರಾ ಅಜ್ಜಿ?" ಎಂದು ಕ್ವೆನ್ ನಕ್ಕಳು.

"ನೀನು ಮದುವೆ ಆಗ್ತಿದ್ದೀಯಲ್ಲ, ಮಂಚದ ಜಾಗಕ್ಕೆ ಬದುಕಿರೋನೇ ಆಡ್ತಾನೆ, ನೋಡ್ತಿರು!"

ಅತ್ತೆ ಮೂಲೆಯ ಅಂಗಡಿಯಿಂದ ಇನ್ನೊಂದು ಕಾಗದದ ಕಂಪ್ಯೂಟರ್ ತಂದಳು. ಮಗನ ಹೆಸರು, ಊರು, ಕೆಳಗೆ ಮೂರು ನಾಯಿಗಳ ಹೆಸರನ್ನೂ ಬರೆದು, ಹೊಸಿಲ ಹೊರಗೆ ತಗಡಿನ ಡಬ್ಬದಲ್ಲಿ ಬೆಂಕಿ ಹಚ್ಚಿದಳು. ಹೊಗೆ ಹೋಗಿ ಸೂರ್ಯನನ್ನೇ ಕೆಮ್ಮಿಸಿತು.

ಒಳಗೆ ನ್ಯಾನ್ ಡಿಸ್ಕಿನ ಕಡತಗಳನ್ನು ತೆರೆದು ನೋಡಿದಳು. ಮೂರೂ ಅಲ್ಲೇ ಮಲಗಿದ್ದವು. ಬೆಳಿಗ್ಗೆ ಅಳಿಸುವಾಗ ಪ್ರತಿ ಸಲವೂ ಕಂಪ್ಯೂಟರ್ ಕೇಳಿತ್ತು: ಪಟ್ಟಿಯಿಂದ ಮಾತ್ರ ತೆಗೆಯಬೇಕೋ, ಕಡತಗಳನ್ನೂ ಅಳಿಸಬೇಕೋ? ಮೂರು ಸಲವೂ ಅವಳ ಬೆರಳು ಮೊದಲನೆಯದನ್ನೇ ಒತ್ತಿತ್ತು. ಅವಳು ಓದಿಯೇ ಒತ್ತಿದ್ದಳು. ಹೆಸರು ಕಾಣದಿದ್ದರೆ ಸಾಕೆನಿಸಿತ್ತು.

ತೋವಾನ್ ತೆಗೆದಿಟ್ಟ ಕೊನೆಯ ಸಂಜೆ ದೋಮ್‌ನದು. ಮರುದಿನ ಅವನನ್ನು ಆಸ್ಪತ್ರೆಗೆ ಒಯ್ದಿದ್ದರು. ತೆರೆದರೆ ಅವನು ಅರ್ಧಕ್ಕೆ ಬಿಟ್ಟ ಹೂವಿನ ಕಸೂತಿ ಪರದೆಯ ಮೇಲಿರುತ್ತದೆ, ಅವನು ನಿಲ್ಲಿಸಿದ ಎಸಳಿನ ಮೇಲೇ ಬಾಣದ ಗುರುತು ಇರುತ್ತದೆ. ಅವಳು ತೆರೆಯಲಿಲ್ಲ. ತೆರೆಯಬೇಕೆಂದೂ ಅನಿಸಲಿಲ್ಲ.

"ಸುಟ್ಟಾಯ್ತು ಕಣೇ," ಎಂದಳು ಅತ್ತೆ ಹೊರಗಿನಿಂದ. "ಈಗ ಕಳಿಸು."

ಮುಕ್ ಹೋಯಿತು. ವೆನ್ ಹೋಯಿತು. ದೋಮ್‌ನ ಮೇಲೆ ಬೆರಳು ನಿಂತಿತು. ಕ್ವೆನ್ ಎದ್ದು ಬಾಗಿಲ ಕಡೆ ನೋಡುತ್ತಿದ್ದಳು. ನ್ಯಾನ್ ಒತ್ತಿದಳು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಡಿಸ್ಕಿನ ಕೆಂಪು ಪಟ್ಟಿ ಕುಗ್ಗಿತು, ಇಡೀ ಬಂದರು ಹಿಡಿಸುವಷ್ಟು ಜಾಗ ಬಿಳಿಯಾಗಿ ತೆರೆಯಿತು. ಯಂತ್ರದ ಅಲಗು ಕೊರಳಿನ ಬಳಿ ರೇಷ್ಮೆಗೆ ಇಳಿಯಿತು.

"ಅಬ್ಬಾ!" ಎಂದು ಕ್ವೆನ್ ಮತ್ತೆ ಕೂತಳು.

ಅತ್ತೆ ಬೂದಿ ಹತ್ತಿದ ಕೈ ಒರೆಸುತ್ತ ಒಳಬಂದಳು. "ಹೋದ್ವಾ?"

"ಹೋದ್ವು."

"ಅಲ್ಲಿ ಅವಕ್ಕೆ ಹೊತ್ತಿಗೆ ಸರಿಯಾಗಿ ಅನ್ನ ಹಾಕ್ತಾನೋ ಇಲ್ವೋ. ಮರೆಗುಳಿ."

ನ್ಯಾನ್ ಏಳಲು ನೋಡಿದಳು. ಬೆಳಗಿನಿಂದ ಮಡಚಿದ್ದ ಕಾಲು ಜೋಮು ಹಿಡಿದು ಮರದ ಕೊರಡಾಗಿತ್ತು. ಚಿವುಟಿದಳು, ತಿಳಿಯಲಿಲ್ಲ. ಅಲಗು ತೋಳಿನ ತಿರುವನ್ನು ದಾಟುತ್ತಿತ್ತು.

"ಅತ್ತೆ," ಎಂದಳು, "ಸ್ವಲ್ಪ ಕೈ ಕೊಡಿ."