ಮರೆಮ್ಮನ ‘ಇಲ್ರಿ’

ಮರೆಮ್ಮನನ್ನು ದೆವ್ವ ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಶಹಾಬಾದದ ನಮ್ಮ ಸಣ್ಣ ಚರ್ಚಿನಲ್ಲಿ ಹೆಂಗಸರಿಗೆ ಬೈಬಲ್ ಓದಿ ಹೇಳುವವಳು ನಾನು. ಆ ಹುಡುಗಿಗೆ ಅಕ್ಷರ ಕಲಿಸಿದವಳೂ ನಾನೇ.

ನಿಜಾಮರ ರೈಲಿನಲ್ಲಿ ಕೆಲಸಕ್ಕಿದ್ದ ವಾಡಿಯ ಹುಡುಗನೊಂದಿಗೆ ಆಕೆಯ ಮದುವೆ ಗೊತ್ತಾಗಿತ್ತು. ಮದುವೆಗೆ ಮುಂಚೆ ಪಾದ್ರಿ ಹಿರಿಯರೆದುರು ವಧುವನ್ನು ಒಂದು ಮಾತು ಕೇಳುವುದು ನಮ್ಮ ಚರ್ಚಿನ ಪದ್ಧತಿ. ಆಗಿನ ಪಾದ್ರಿ ಮೈಸೂರು ಕಡೆಯವರು. “ಮಗಳೇ, ನೀನು ಶುದ್ಧಳಾಗಿದ್ದೀಯಾ?” ಎಂದರು. ಗಂಡಸಿನ ಸಂಗವಾಗಿಲ್ಲ ತಾನೇ ಎಂಬುದು ಅವರ ಅರ್ಥ. ನಮ್ಮ ಓಣಿಯ ಹೆಂಗಸರ ಮಾತಿನಲ್ಲಿ ಹೆಣ್ಣು ಶುದ್ಧ ಇಲ್ಲವೆಂದರೆ ಮುಟ್ಟಾಗಿದ್ದಾಳೆ ಅಂತ. ಮರೆಮ್ಮನಿಗೆ ಅವತ್ತು ಎರಡನೆಯ ದಿನ. ಬೆಳಿಗ್ಗೆ ನನ್ನ ಕಿವಿಯಲ್ಲಿ ಹೇಳಿದ್ದಳು. ದೇವರ ಮುಂದೆ ಸುಳ್ಳಾಡಬಾರದೆಂದು, ಪಾಪ, ತಲೆ ಬಗ್ಗಿಸಿ “ಇಲ್ರಿ” ಅಂದುಬಿಟ್ಟಳು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ವಾಡಿಯ ಬೀಗರು ಎದ್ದು ನಡೆದರು. ಯಾಕೆಂದು ಆಕೆಗೆ ತಿಳಿಯುವಷ್ಟರಲ್ಲಿ ಊರೆಲ್ಲ ಆಡಿಕೊಂಡಾಗಿತ್ತು. ಆಮೇಲೆ ಆಕೆ ಏನು ಹೇಳಿದರೂ ಯಾರೂ ನಂಬಲಿಲ್ಲ. ಅಷ್ಟು ಗಂಡಸರ ನಡುವೆ ಮುಟ್ಟಿನ ಮಾತು ಹೇಗೆ ಆಡಲಿ ಎಂದು ನಾನು ಬಾಯಿ ಮುಚ್ಚಿಕೊಂಡೆ. ಸುಡಲಿ ನನ್ನ ನಾಚಿಕೆ! ಮೂರನೆಯ ದಿನ ಕಲ್ಲಿನ ಗಣಿಯ ನೀರಿನಲ್ಲಿ ಆಕೆಯ ಹೆಣ ತೇಲಿತು.

ಅಂದಿನಿಂದ ಯಾವ ವಧುವನ್ನು ಕೇಳಿದರೂ, ಆಕೆ ಬಾಯಿ ತೆರೆಯುವ ಮೊದಲೇ ಚರ್ಚಿನ ನೆಲಕ್ಕೆ ಹಾಸಿದ ಪರ್ಸಿಕಲ್ಲುಗಳ ಸಂದಿನಿಂದ ಒದ್ದೆ ದನಿಯೊಂದು “ಇಲ್ರಿ” ಅನ್ನುತ್ತಿತ್ತು. ಎರಡು ಮದುವೆ ಮುರಿದವು. ಹೊಸ ಪಾದ್ರಿ ಬಂದು ಉಪವಾಸವಿದ್ದು ಪ್ರಾರ್ಥಿಸಿದರು. ದನಿ ನಿಲ್ಲಲಿಲ್ಲ.

ಏಳು ವರ್ಷದ ಮೇಲೆ ನನ್ನ ಮಗಳು ಅಮೃತಮ್ಮನ ಸರದಿ ಬಂತು. ಹಾಡುಹಗಲು. ಚಿತ್ತಾಪುರದ ಬೀಗ ದೇವೀಂದ್ರಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದ. ಪಾದ್ರಿ ಕೇಳಿದರು. ಮಗಳ ತುಟಿ ಇನ್ನೂ ಬಿಚ್ಚಿರಲಿಲ್ಲ.

“ಇಲ್ರಿ.”

ದೇವೀಂದ್ರಪ್ಪ ರುಮಾಲು ಕೊಡವಿ ಎದ್ದ.

“ಕುಂದ್ರಿ!” ಎಂದು ಕಿರುಚಿದೆ. “ಹಿಂಗಂದಾಕಿ ನನ್ನ ಮಗಳಲ್ಲರಿ, ಮರೆಮ್ಮ. ಆಕೀನೂ ಏನೂ ತಪ್ಪು ಮಾಡಿದ್ದಿಲ್ಲ. ಅವತ್ತು ಆಕಿ ಮುಟ್ಟಾಗಿದ್ಲು, ಅದಕ್ಕ ಇಲ್ರಿ ಅಂದ್ಲು. ಇಷ್ಟೇ ಅದ!”

ಗಂಡಸರೆಲ್ಲ ನೆಲ ನೋಡಿದರು. ಪಾದ್ರಿ ಅದೇ ಮಾತನ್ನು ಮತ್ತೆ ಕೇಳಿದರು.

“ಹೌದ್ರಿ,” ಎಂದಳು ಅಮೃತಮ್ಮ. ಅವಳ ದನಿ ಒಂದೇ ಕೇಳಿತು. ದೇವೀಂದ್ರಪ್ಪ ಕೂತ. ಹೋದ ಜೀವ ಬಂದಂತಾಗಿ ನಾನು ಅತ್ತುಬಿಟ್ಟೆ.

ಮಗಳು ನನ್ನ ಕಡೆ ತಿರುಗಿದಳು.

“ಯವ್ವಾ, ನಿನಗ ಅವತ್ತೇ ಗೊತ್ತಿತ್ತೇನು?”

ನಾನು ಬಾಯಿ ತೆರೆಯುವ ಮೊದಲೇ ನೆಲದಿಂದ ಉತ್ತರ ಬಂತು.

“ಹೌದ್ರಿ.”