ಹೆಲಿಕಾಪ್ಟರಿಗೆ ವಿರೋಧ

ಬಣ್ಣದ ಕಾರ್ಖಾನೆ ನಡೆಸಿ ನಾಲ್ಕು ಕಾಸು ಕಂಡಿದ್ದ ಸಾಹುಕಾರರಿಗೆ ಅರವತ್ತು ಹತ್ತಿರ ಬಂದಾಗ ಹೆಲಿಕಾಪ್ಟರ್ ಕೊಳ್ಳುವ ಹುಚ್ಚು ಹಿಡಿಯಿತು. ಜಂಬ ಕೊಚ್ಚಿಕೊಳ್ಳಲಿಕ್ಕಲ್ಲ, ಅಂಥ ಹಗುರ ಮನುಷ್ಯರಲ್ಲ ಅವರು. ಕಾರ್ಖಾನೆ ಒಂದು ದಿಕ್ಕು, ಮನೆ ಒಂದು ದಿಕ್ಕು, ನಡುವೆ ಅರ್ಧ ದಿನದ ರಸ್ತೆ. ಮದುವೆಯಾದಾಗಿನಿಂದ ವಾರದ ಹೆಚ್ಚಿನ ರಾತ್ರಿಗಳನ್ನು ಕಾರ್ಖಾನೆಯ ಮೇಲಿನ ಕೋಣೆಯಲ್ಲಿ, ಬಣ್ಣದ ವಾಸನೆಯ ನಡುವೆಯೇ ಕಳೆದಿದ್ದರು. ಇನ್ನಾದರೂ ದಿನಾ ಸಂಜೆ ಮನೆಗೆ ಬಂದು ಹೆಂಡತಿಯ ಎದುರು ಕೂತು ಊಟ ಮಾಡಬೇಕು. ಆಸೆ ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ವ್ಯಾಪಾರಕ್ಕೆ ಅನುಕೂಲ ಎನ್ನುತ್ತ ತಿರುಗುತ್ತಿದ್ದರು.

ಆ ಮನೆಯಲ್ಲೊಂದು ಪದ್ಧತಿ ಇತ್ತು, ಸಾಹುಕಾರರ ಅಪ್ಪ ಮಾಡಿಟ್ಟದ್ದು. ದೊಡ್ಡ ಖರೀದಿ ಏನೇ ಇರಲಿ, ಮನೆಯವರಲ್ಲಿ ಒಬ್ಬರು ಅದನ್ನು ವಿರೋಧಿಸಲೇಬೇಕು. ಮನಸ್ಸಿನಲ್ಲಿ ಒಪ್ಪಿಗೆಯಿದ್ದರೂ ಸರಿಯೇ, ಸರದಿ ಬಂದವರು ವಕೀಲರ ಹಾಗೆ ವಾದ ಮಾಡಬೇಕು. ಎಲ್ಲರೂ ಹೂಂಗುಟ್ಟುತ್ತ ಕೂತರೆ ಮನೆ ಮುಳುಗಿಹೋದೀತೆಂಬ ಭಯ ಆ ಮುದುಕನಿಗೆ. ಹೊಸ ಯಂತ್ರ ಕೊಳ್ಳುವಾಗ ಸಾಹುಕಾರರ ತಮ್ಮ ಎಷ್ಟು ಜೋರಾಗಿ ವಿರೋಧಿಸಿದನೆಂದರೆ, ಕಡೆಗೆ ತನ್ನ ಮಾತಿಗೆ ತಾನೇ ಮರುಳಾಗಿ ಸಹಿ ಹಾಕಲು ಒಲ್ಲೆ ಅಂದುಬಿಟ್ಟ. ಈ ಸಲದ ಸರದಿ ಸಾಹುಕಾರರ ಹೆಂಡತಿಯದು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೂವರೂ ಮೇಜಿನ ಸುತ್ತ ಹಾಗೇ ಕೂತರು. ಸರದಿ ಅಲ್ಲದಿದ್ದರೂ ಮೊದಲು ತಮ್ಮನೇ ಖರ್ಚಿನ ಲೆಕ್ಕ ಬಿಚ್ಚಿದ. ಕೊಳ್ಳುವ ದುಡ್ಡು ಹೇಗೋ ಹೊಂದೀತು, ಆಮೇಲೆ ಬಿಳಿಯಾನೆ ಸಾಕಿದ ಹಾಗೆ. ಹಾರಲಿ ಬಿಡಲಿ ಪೈಲಟ್‌ಗೆ ಸಂಬಳ, ನಿಲ್ಲಿಸಲು ಶೆಡ್ಡು, ವಿಮೆ, ಮೆಕ್ಯಾನಿಕ್. ಇಷ್ಟು ಗಂಟೆ ಹಾರಿತೆಂದರೆ ಚೆನ್ನಾಗಿಯೇ ಇರುವ ಬಿಡಿಭಾಗವನ್ನೂ ಕಿತ್ತು ಹೊಸದು ಹಾಕಬೇಕು. ಮಂಜು ಕವಿದರೆ ಮತ್ತೆ ಕಾರೇ ಗತಿ.

“ಬಾಡಿಗೆಗೆ ತಗೊಂಡ್ರೆ ಕಾಲು ಭಾಗದಲ್ಲಿ ಮುಗಿಯುತ್ತೆ ಅಣ್ಣ,” ಅಂದ.

“ಬಾಡಿಗೇದು ದಿನಾ ಸಿಗುತ್ತೇನೋ? ದುಡಿದದ್ದನ್ನ ಸಾಯೋವಾಗ ಕಟ್ಕೊಂಡು ಹೋಗ್ತೀನಾ? ದಿನಾ ಸಂಜೆ ಮನೆಗೆ ಬರ್ತೀನಿ ಕಣೋ,” ಅಂದರು ಸಾಹುಕಾರರು. ಅಂತೂ ಬಾಯಿ ಜಾರಿತು.

“ಸರಿ ಅತ್ತಿಗೆ, ಇನ್ನು ನೀವು. ಚೆನ್ನಾಗಿ ಝಾಡಿಸಿ,” ಎಂದ ತಮ್ಮ.

ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು.

“ದುಡ್ಡಿನ ವಿಷಯ ನನಗೆ ಬೇಡ. ಇವರು ದಿನಾ ಬಂದ್ರೆ ನನ್ನ ಗತಿ ಏನು? ಇವರಿಲ್ಲದ ದಿನ ಹಸಿವಾದಾಗ ತಿಂತೀನಿ, ಇಲ್ಲಾಂದ್ರೆ ಇಲ್ಲ. ಹಾಸಿಗೆ ತುಂಬ ಬಟ್ಟೆ ಹರಡ್ಕೊಂಡು ಹೊಲೀತೀನಿ. ಅಕ್ಕಪಕ್ಕದವರು ಬರ್ತಾರೆ, ಇಸ್ಪೀಟು ಆಡ್ತೀವಿ, ಸೂರು ಹಾರಿಹೋಗೋ ಹಾಗೆ ನಗ್ತೀವಿ. ಇವರ ಕಾರು ಗೇಟಿಗೆ ಬಂತು ಅಂದ್ರೆ ಎಲ್ರೂ ಹಿಂಬಾಗಿಲಿಂದ ಪರಾರಿ. ಆಮೇಲೆ ಟಿವಿಯ ಸುದ್ದಿ, ಉಪ್ಪು ಕಮ್ಮಿ, ಫ್ಯಾನು ಜಾಸ್ತಿ. ಒಂದೆರಡು ದಿನ ಹೇಗೋ ಸುಧಾರಿಸ್ಕೋಬಹುದು. ದಿನಾ ಅಂದ್ರೆ ನನ್ನ ಕೈಲಾಗಲ್ಲ.”

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. “ಅತ್ತಿಗೆ, ನಿಮ್ಮ ಮುಂದೆ ನಾನು ಏನೂ ಅಲ್ಲ ಬಿಡಿ,” ಅಂದ. ಸಾಹುಕಾರರೂ ನಕ್ಕರು, ಸ್ವಲ್ಪ ತಡವಾಗಿ. ಸುಳ್ಳು ವಾದ ಮಾಡುವಾಗ ಅವಳಿಗೆ ನಡುವೆಯೇ ನಗು ಬಂದುಬಿಡುತ್ತಿತ್ತು. ಇವತ್ತು ಬರಲಿಲ್ಲ.

ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸಾಹುಕಾರರು ತಮ್ಮ ತಟ್ಟೆಯನ್ನು ತಾವೇ ಹಿಡಿದುಕೊಂಡು ಹಿಂದೆ ಹೋದರು. ಇದೂ ಹೊಸದೇ.

“ಅಲ್ಲಿ ಹೇಳಿದ್ದು ವಾದಕ್ಕೆ ತಾನೆ?”

ಅವಳು ನಲ್ಲಿ ನಿಲ್ಲಿಸಿದಳು. “ಕೇಳ್ತಿದ್ದೀರಿ, ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ. ನೀವು ಕೆಟ್ಟವರು ಅಂತಲ್ಲ. ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ ವರ್ಷಗಟ್ಟಲೆ ದಾರಿ ಕಾದೆ. ಅತ್ತೆ ಇದ್ದಾಗ ಅವರೂ ಕಾದ್ರು. ಆಮೇಲೆ ಕಾಯೋದು ಬಿಟ್ಟೆ. ಬಿಟ್ಟ ಮೇಲೇನೇ ಈ ಮನೆ ನನ್ನದು ಅನ್ನಿಸಿದ್ದು.”

ಸಾಹುಕಾರರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. ತಾವು ಬಂದರೆ ಮನೆಗೆ ಸಂತೋಷ ಎಂಬುದನ್ನು ಅವರು ಇಷ್ಟು ವರ್ಷ ಯಾರನ್ನೂ ಕೇಳದೆಯೇ ನಂಬಿಕೊಂಡಿದ್ದರು.

“ಹಾಗಾದ್ರೆ ಎಷ್ಟು ದಿನ ಬರಲಿ?”

ಅವಳು ನಿಜವಾಗಿಯೂ ಯೋಚಿಸಿದಳು. ಅವರಿಗೆ ಹೆಚ್ಚು ನೋವಾದದ್ದು ಅದರಿಂದಲೇ.

“ಈಗ ಬರ್ತಿದ್ದೀರಲ್ಲ, ಅಷ್ಟು ಸಾಕು,” ಅಂದಳು, ಬಹಳ ಮೆತ್ತಗೆ.

ಸಾಹುಕಾರರು ಹೊರಗೆ ಬಂದರು. “ಬೇಡ ಕಣೋ, ಖರ್ಚು ಅತಿಯಾಯ್ತು,” ಎಂದರು.

ತಮ್ಮನಿಗೆ ಹಿಗ್ಗೋ ಹಿಗ್ಗು. “ಅಂತೂ ಲೆಕ್ಕ ತಲೆಗೆ ಹೋಯ್ತಲ್ಲ ಅಣ್ಣ.”

“ಹೋಯ್ತು,” ಅಂದರು. ಸೋಮವಾರ ಬೆಳಿಗ್ಗೆ ಹೊರಡಬೇಕಾದವರು ಅವತ್ತು ಸಂಜೆಯೇ ಕಾರ್ಖಾನೆಗೆ ಹೊರಟರು.